ವೈದ್ಯರಾಗಿ ಹೊರಬರುವವರಿಗೆ ಏನು ಬರಬೇಕು?

(ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉಳಿತಾಯ, ಸಾಲದ ಲೆಕ್ಕ ನೋಡುವ ನಮ್ಮ ಸಭೆಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳ ಓದಿನ ಮಾತು ಏಕೆ ಎಂದು ನಿಮಗೆ ಅನ್ನಿಸಬಹುದು. ಒಂದು ಘಟನೆ ಹೇಳುತ್ತೇನೆ.

1996ರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೈಸುಟ್ಟು ಆಸ್ಪತ್ರೆ ಸೇರಿದಳು. ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ. ನಾನು ಹೋದಾಗ ಮಂಚದ ಒಂದು ಬದಿಗೆ ಗಂಡ, ಇನ್ನೊಂದು ಬದಿಗೆ ಅತ್ತೆ ನಿಂತಿದ್ದರು. ಯುವ ವೈದ್ಯರು ಡ್ರಿಪ್ ಹಾಕಿ, ನೋವಿಗೆ ಇಂಜೆಕ್ಷನ್ ಕೊಟ್ಟು, ಅವರಿಬ್ಬರ ಎದುರಿಗೇ "ಹೇಗಾಯಿತಮ್ಮಾ?" ಎಂದು ಕೇಳಿದರು. ಉತ್ತರ ಬಂದದ್ದು ಅತ್ತೆಯಿಂದ: "ಸ್ಟೌ ಸಿಡಿಯಿತು." ವೈದ್ಯರು ಅದನ್ನೇ ಬರೆದುಕೊಂಡರು. ಮೂರನೆಯ ದಿನ ಹುಡುಗಿ ತೀರಿಕೊಂಡಳು. ಅವಳ ಸ್ವಂತ ಮಾತು ಯಾವ ಕಾಗದದಲ್ಲೂ ಉಳಿಯಲಿಲ್ಲ. ಆ ವೈದ್ಯರು ಕೆಟ್ಟವರಲ್ಲ, ಅವರಿಗೆ ಯಾರೂ ಕಲಿಸಿರಲಿಲ್ಲ. "ಇವರನ್ನು ಹೊರಗೆ ಕಳಿಸಿ" ಎಂದು ಕೇಳಬಹುದೆಂದು ಅಲ್ಲೇ ನಿಂತಿದ್ದ ನನಗೂ ಗೊತ್ತಿರಲಿಲ್ಲ.

ಎಂ.ಬಿ.ಬಿ.ಎಸ್. ಎಂದರೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಇಷ್ಟು ಮುಗಿಸಿದವರಿಗೆ ಏನೇನು ಮಾಡಲು ಬರಬೇಕು?

ಮೊದಲನೆಯದು, ಜೀವ ಉಳಿಸುವುದು. ಎಷ್ಟು ಸುಟ್ಟಿದೆ ಎಂದು ಅಳೆಯಲು ಬರಬೇಕು. ದೊಡ್ಡವರಲ್ಲಿ ಒಂದು ತೋಳು ಶೇ. 9, ಒಂದು ಕಾಲು ಶೇ. 18, ಮೈಯ ಮುಂಭಾಗ ಶೇ. 18, ಬೆನ್ನಿನ ಭಾಗ ಶೇ. 18 ಎಂದು ಲೆಕ್ಕ. ಹೆಚ್ಚು ಸುಟ್ಟವರಿಗೆ ಮೊದಲ ದಿನ ಕೊಡುವ ದ್ರವದಲ್ಲಿ ಅರ್ಧದಷ್ಟನ್ನು, ಸುಟ್ಟ ಗಳಿಗೆಯಿಂದ 8 ಗಂಟೆಯೊಳಗೆ ಕೊಡಬೇಕು. "ಪೊಲೀಸರು ಬರಲಿ, ಆಮೇಲೆ ನೋಡೋಣ" ಎನ್ನುವಂತಿಲ್ಲ. ಕಾನೂನಿನ ವಿಧಿವಿಧಾನಗಳಿಗೆ ಕಾಯದೆ ಮೊದಲು ಚಿಕಿತ್ಸೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ.

ಎರಡನೆಯದು, ಕೇಳುವುದು. ಗಂಡನ ಮನೆಯವರನ್ನೂ ತವರಿನವರನ್ನೂ ಹೊರಗೆ ಕಳಿಸಿ, ಹೆಂಗಸಿನ ಪಕ್ಕ ಕುಳಿತು, ಅವಳ ಭಾಷೆಯಲ್ಲಿ ಕೇಳಬೇಕು. "ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೆಯೇ?" ಎಂದು ಕೇಳಲು ಡಾಕ್ಟರಿಗೆ ನಾಚಿಕೆಯಾದರೆ, ಹೇಳಲು ಅವಳಿಗೆ ಧೈರ್ಯ ಎಲ್ಲಿಂದ ಬರಬೇಕು?

ಮೂರನೆಯದು, ಬರೆಯುವುದು. "ಬಿದ್ದು ಪೆಟ್ಟಾಗಿದೆ" ಎಂದು ಒಂದೇ ಸಾಲು ಗೀಚಿದರೆ ಸಾಲದು. ಯಾವ ಜಾಗದಲ್ಲಿ ಗಾಯ, ಎಷ್ಟು ಉದ್ದ, ಎಷ್ಟು ಅಗಲ, ಯಾವ ಬಣ್ಣ, ಹಳೆಯ ಗಾಯಗಳೂ ಇವೆಯೇ, ಹೇಗಾಯಿತೆಂದು ಅವಳೇ ಹೇಳಿದ ಮಾತು, ಎಲ್ಲವೂ ದಾಖಲಾಗಬೇಕು. ಎಂ.ಎಲ್.ಸಿ. ಮಾಡಿ ಪೊಲೀಸರಿಗೆ ತಿಳಿಸಬೇಕು. ಮುಂದೆ ನ್ಯಾಯಾಲಯದಲ್ಲಿ ಅವಳ ಪರವಾಗಿ ಮಾತನಾಡುವುದು ಈ ಗಾಯದ ಪ್ರಮಾಣಪತ್ರವೇ.

ನಾಲ್ಕನೆಯದು, ಮರಣಪೂರ್ವ ಹೇಳಿಕೆ. ಸಾಧಾರಣವಾಗಿ ದಂಡಾಧಿಕಾರಿಗಳನ್ನು ಕರೆಸಿ ಬರೆಸುತ್ತಾರೆ. ಅವಳು ಮಾತನಾಡುವ ಸ್ಥಿತಿಯಲ್ಲಿದ್ದಾಳೆ ಎಂದು ವೈದ್ಯರು ಪರೀಕ್ಷಿಸಿ ಬರೆದುಕೊಡುತ್ತಾರೆ. ಕಾಯುವಷ್ಟು ಸಮಯವಿಲ್ಲದಿದ್ದರೆ ವೈದ್ಯರೇ ಬರೆದುಕೊಳ್ಳಬಹುದು. ಅವಳ ಬಾಯಿಗೆ ಮಾತು ತುರುಕಬಾರದು. ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು. ಇದಕ್ಕೆ ಹಿಂದೆ ಸಾಕ್ಷ್ಯ ಅಧಿನಿಯಮದ 32ನೇ ಕಲಂ ಆಧಾರವಾಗಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಕಲಂ ಆಧಾರ.

ಐದನೆಯದು, ಕಾನೂನಿನ ತಿಳಿವಳಿಕೆ. ನಾವು ಬಾಯಿಪಾಠ ಮಾಡಿಕೊಂಡಿದ್ದ 498-ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಲ್ಲಿದೆ. ವರದಕ್ಷಿಣೆ ಸಾವಿನ 304-ಬಿ ಈಗ 80ನೇ ಕಲಂ. ನಂಬರು ಬದಲಾಯಿತು, ಅಪರಾಧ ಬದಲಾಗಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ 7ನೇ ಕಲಂ ಪ್ರಕಾರ, ನೊಂದ ಹೆಣ್ಣು ಕೇಳಿದರೆ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು. ಮೊದಲು ದೂರು ಕೊಟ್ಟು ಬಾ ಎನ್ನುವಂತಿಲ್ಲ. 2006ರ ನಿಯಮಗಳಂತೆ ವೈದ್ಯಕೀಯ ವರದಿಯ ಪ್ರತಿಯನ್ನು ಅವಳಿಗೆ ಉಚಿತವಾಗಿ ಕೊಡಬೇಕು.

2019ರಲ್ಲಿ ಸೇರಿದ ವಿದ್ಯಾರ್ಥಿಗಳಿಂದ ಹೊಸ ಪಠ್ಯಕ್ರಮ ಬಂದಿದೆ. ಏನನ್ನು ಓದಿದರು ಎಂಬುದಕ್ಕಿಂತ ಏನನ್ನು ಮಾಡಬಲ್ಲರು ಎಂಬುದಕ್ಕೆ ಅದರಲ್ಲಿ ಒತ್ತು. ರೋಗಿಯೊಡನೆ ಮಾತನಾಡುವುದು, ನೈತಿಕತೆ ಕೂಡ ಅದರಲ್ಲಿ ಪಾಠ. ಇದು ಒಳ್ಳೆಯದು. ಆದರೆ ಮೂವತ್ತಾರು ವರ್ಷ ಪಾಠ ಹೇಳಿದ ನನಗೆ ಗೊತ್ತು, ಪರೀಕ್ಷೆಯಲ್ಲಿ ಕೇಳದ್ದನ್ನು ಮಕ್ಕಳು ಕಲಿಯುವುದಿಲ್ಲ. ಸಮಾಜ ಕೇಳದ್ದನ್ನು ಕಾಲೇಜು ಕಲಿಸುವುದಿಲ್ಲ. ಕೇಳಬೇಕಾದವರು ನಾವು.

ಆದ್ದರಿಂದ, ನಿಮ್ಮ ಸಂಘದ ಹೆಂಗಸೊಬ್ಬಳು ಪೆಟ್ಟು ತಿಂದು ಆಸ್ಪತ್ರೆಗೆ ಹೋದರೆ ಇಬ್ಬರಾದರೂ ಜೊತೆಗೆ ಹೋಗಿ. ಸುಟ್ಟಿದ್ದರೆ ಮೊದಲು 20 ನಿಮಿಷ ತಣ್ಣೀರು ಹರಿಯಬಿಡಿ; ಇಂಕು, ಪೇಸ್ಟು ಹಚ್ಚಬೇಡಿ. "ಡಾಕ್ಟ್ರೇ, ಅವಳೊಬ್ಬಳನ್ನೇ ಕೇಳಿ. ಎಂ.ಎಲ್.ಸಿ. ಮಾಡಿ. ವರದಿಯ ಪ್ರತಿ ಕೊಡಿ" ಎಂದು ವಿನಯದಿಂದ, ಆದರೆ ಗಟ್ಟಿಯಾಗಿ ಹೇಳಿ. 181ಕ್ಕೆ ಫೋನ್ ಮಾಡಿ.

ಅಂದು ನಾನು ಕೇಳಲಿಲ್ಲ. ನೀವು ಕೇಳಿ.