ಕೈಗೆ ಕೂತ ಪಿಸ್ತೂಲು
(ಸುವರ್ಣ ಮಹೋತ್ಸವ ಸಭೆಯಲ್ಲಿ ಆಡಿದ ಮಾತು)



ಸಾಫ್ಟ್‌ವೇರ್ ಕೆಲಸದ ಜೊತೆ ನಾನು 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಗೆ ಅಭ್ಯಾಸ ಮಾಡುತ್ತೇನೆ. 75 ನಿಮಿಷದಲ್ಲಿ 60 ಗುಂಡು. ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್ ಅಗಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದವರು. 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು.

ಒಳ್ಳೆಯ ಹೊಸ ವಿದೇಶಿ ಪಿಸ್ತೂಲಿಗೆ ಲಕ್ಷ ದಾಟುತ್ತದೆ. ನನ್ನಿಂದ ಆಗಲಿಲ್ಲ, ಕ್ಲಬ್ಬಿನ ಹಿರಿಯರೊಬ್ಬರ ಹಳೆಯದನ್ನು ಕೊಂಡೆ. ಆರು ತಿಂಗಳು ಗುಂಡೆಲ್ಲ ಎಡಕ್ಕೆ! ದಿನಕ್ಕೊಂದು ಸಲ ಸೈಟು ತಿರುಗಿಸಿದೆ, ಪಿಸ್ತೂಲನ್ನು ಬೈದೆ. ಕೊನೆಗೆ ನೋಡಿದರೆ, ಮರದ ಹಿಡಿಕೆ ಅವರ ಕೈಗೆ ಕೂತಿತ್ತು, ನನ್ನದಕ್ಕಲ್ಲ. ಉಬ್ಬಿದ ಕಡೆ ಉಪ್ಪುಕಾಗದದಿಂದ ಉಜ್ಜಿ, ಸಡಿಲವಿದ್ದಲ್ಲಿ ಪುಟ್ಟಿ ತುಂಬಿದೆ. ಟ್ರಿಗರ್ ಭಾರವನ್ನು ನಿಯಮದ 500 ಗ್ರಾಂಗಿಂತ ತುಸು ಮೇಲಕ್ಕೆ ಹೊಂದಿಸಿದೆ. ರಾತ್ರಿ ಅರ್ಧ ಗಂಟೆ, ಗುಂಡಿಲ್ಲದೆ, ಖಾಲಿ ಗೋಡೆಗೆ ಗುರಿ ಹಿಡಿದೆ. ಅದಕ್ಕೆ ಕಾಸೂ ಖರ್ಚಿಲ್ಲ. ಗುಂಡು ನಡುವಿಗೆ ಬಂತು.

ಇದೇ ಶಾಲೆಯಲ್ಲಿ ಅಣ್ಣನ ಹಳೇ ಪುಸ್ತಕಕ್ಕೆ ಹೊಸ ರಟ್ಟು ಹಾಕಿ ಓದಿದವನು ನಾನು. ಪಾಠ ಒಂದೇ.

ಮಕ್ಕಳೇ, ಮೊದಲು ತರಬೇತುದಾರರ ಎದುರಿಗೆ ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿಯಿರಿ. ಹೆತ್ತವರೇ, ಸಾಲ ಮಾಡಿ ಕೊಡಿಸಬೇಡಿ. ಕೈ ಪಳಗಲಿ, ಕೊಳ್ಳುವುದು ಆಮೇಲೆ.