ಕಿರಿಯರ ಕೈಗೆ ಹೊಣೆ



ಮೂಡಿಗೆರೆ, ಕಳಸದ ಕಡೆಯ ನಿಮಗೆ ಮರಗಸಿ ಎಂದರೇನೆಂದು ವಿವರಿಸಬೇಕಾಗಿಲ್ಲ. ಬೇರೆ ಊರಿನವರಿಗಾಗಿ ಹೇಳುತ್ತೇನೆ. ಕಾಫಿಯ ಎಳೆಯ ಗಿಡ ನೆರಳಿಲ್ಲದಿದ್ದರೆ ಬಿಸಿಲಿಗೆ ಸೊರಗುತ್ತದೆ. ಆದರೆ ನೆರಳು ತೀರಾ ದಟ್ಟವಾದರೆ ಫಸಲು ಕಡಿಮೆಯಾಗುತ್ತದೆ. ಆದ್ದರಿಂದ ಮಳೆಗಾಲಕ್ಕೆ ಮುನ್ನ ಮರ ಹತ್ತಿ ಕೊಂಬೆ ಸವರಿ ಬೆಳಕು ಬಿಡುತ್ತಾರೆ. ಮರ ಉಳಿಯುತ್ತದೆ, ಗಿಡವೂ ಬೆಳೆಯುತ್ತದೆ. ಹಿರಿಯರು ಕಿರಿಯರನ್ನು ಬೆಳೆಸುವ ಬಗೆಯೂ ಇದೇ ಅಲ್ಲವೇ?

ನಮ್ಮ ದೇವಸ್ಥಾನ, ಮಸೀದಿ, ಚರ್ಚುಗಳಲ್ಲಿ ಉತ್ಸವ ಬಂತೆಂದರೆ ಚಪ್ಪರ ಹಾಕಲು, ಕುರ್ಚಿ ಹೊರಲು, ಊಟ ಬಡಿಸಲು ಯುವಕರು ಬೇಕು. ಲೆಕ್ಕ ನೋಡುವಾಗ, ತೀರ್ಮಾನ ಮಾಡುವಾಗ ಮಾತ್ರ 'ನೀವಿನ್ನೂ ಹುಡುಗರು' ಎಂಬ ಮಾತು ಬರುತ್ತದೆ. ಹುಡುಗಿಯರನ್ನಂತೂ ಕೇಳುವವರೇ ಕಡಿಮೆ. ಬೇರೆ ರೀತಿಯಲ್ಲಿ ನಡೆದುಕೊಂಡವರ ಒಂದು ಉದಾಹರಣೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಯೂನಿಟೇರಿಯನ್ನರು ಕ್ರೈಸ್ತ ಮೂಲದ ಒಂದು ಪಂಥದವರು. ದೇವರು ಒಬ್ಬನೇ, ಧರ್ಮದಲ್ಲಿಯೂ ವಿವೇಕಕ್ಕೆ ಎಡೆಯಿರಬೇಕು ಎಂಬುದು ಅವರ ನಿಲುವು. ನಮ್ಮ ದೇಶದ ಖಾಸಿ ಮತ್ತು ಜೈಂತಿಯಾ ಬೆಟ್ಟಗಳಲ್ಲಿ, ಜೊವಾಯ್ ಎಂಬ ಊರಿನಲ್ಲಿ, 1887ರಲ್ಲಿ ಇಂಥ ಸಭೆಯೊಂದನ್ನು ಆರಂಭಿಸಿದವರು ಹಾಜೊಮ್ ಕಿಸ್ಸೊರ್ ಸಿಂಗ್. ಆಗ ಅವರಿಗೆ 22 ವರ್ಷ. ಅಮೆರಿಕದ ಯೂನಿಟೇರಿಯನ್ ಪಾದ್ರಿ ಜೆ. ಟಿ. ಸಂಡರ್‌ಲೆಂಡ್ ಪತ್ರ ಬರೆದು ಅವರಿಗೆ ಬೆಂಬಲ ಕೊಟ್ಟರು. ಸಭೆಯನ್ನು ನಡೆಸಿದವರು ಮಾತ್ರ ಆ ಬೆಟ್ಟದ ಜನರೇ.

ಇದೇ ಸಂಡರ್‌ಲೆಂಡ್ 1895-96ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಯುವಕರನ್ನು ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿಗೆ ಕಳುಹಿಸಿ ಓದಿಸಬೇಕೆಂದು ಸಲಹೆ ಮಾಡಿದರು. ಆ ವಿದ್ಯಾರ್ಥಿವೇತನ 1901ರಲ್ಲಿ ದೊರೆತದ್ದು ನಮ್ಮ ಕರ್ನಾಟಕದ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರಿಗೆ. ಅವರು ಪ್ರಾರ್ಥನಾ ಸಮಾಜದವರು. ಮತಾಂತರವಾಗಬೇಕೆಂದು ಅವರನ್ನು ಯಾರೂ ಕೇಳಲಿಲ್ಲ. 1903ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಭಾರತದ ಉದಾರ ಧರ್ಮವನ್ನು ಕುರಿತು ಪ್ರಬಂಧ ಮಂಡಿಸುವ ಅವಕಾಶವೂ ಅವರಿಗೆ ಸಿಕ್ಕಿತು. ಆಗ ಅವರಿಗೆ 30 ವರ್ಷ.

ಹಿಂದಿರುಗಿದ ಶಿಂದೆಯವರು ಮುಂಬೈ ಪ್ರಾರ್ಥನಾ ಸಮಾಜದ ಪ್ರಚಾರಕರಾದರು. ತಮಗೆ ದೊರೆತದ್ದನ್ನು ಇತರರಿಗೂ ದೊರಕಿಸಬೇಕೆಂದು ಅಲ್ಲಿ ಯುವಕರ ಸಂಘವನ್ನು ಕಟ್ಟಿದರು. 1906ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಶಿಕ್ಷಣಕ್ಕಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ನೀವು ಚಾರ್ಮಾಡಿ ಘಾಟಿ ಇಳಿದು ಹೋದರೆ ಸಿಗುವ ಮಂಗಳೂರಿನಲ್ಲಿ, ಬ್ರಹ್ಮಸಮಾಜದ ಕುದ್ಮುಲ್ ರಂಗರಾಯರು ಅದೇ ಬಗೆಯ ಕೆಲಸವನ್ನು ಅದಕ್ಕೂ ಮೊದಲೇ ಕೈಗೊಂಡಿದ್ದರು.

ಇಲ್ಲೊಂದು ಕಹಿಯೂ ಇದೆ. ಹಿರಿಯರೊಡನೆ ಅಭಿಪ್ರಾಯಭೇದ ಬಂದು ಶಿಂದೆಯವರು 1910ರಲ್ಲಿ ಪ್ರಚಾರಕ ಹುದ್ದೆಯನ್ನು ಬಿಟ್ಟರು. ಕಿರಿಯರಿಗೆ ಓದು, ಹಣ, ವೇದಿಕೆ ಕೊಡುವುದು ಸುಲಭ. ಅವರು ನಮಗಿಂತ ಮುಂದೆ ಹೆಜ್ಜೆಯಿಟ್ಟಾಗ ಸಹಿಸುವುದು ಕಷ್ಟ. ಕಿರಿಯರ ಮೇಲೆ ಹಿರಿಯರಿಗೆ ನಿಜವಾಗಿ ಎಷ್ಟು ನಂಬಿಕೆಯಿದೆ ಎಂಬುದು ತಿಳಿಯುವುದು ಆಗಲೇ.

ಹಾಗಾದರೆ ನೀವೇನು ಮಾಡಬಹುದು? ನಿಮ್ಮ ಸಂಘದಲ್ಲಿ ಪೂರ್ತಿಯಾಗಿ ನಿಮ್ಮದೇ ಎನ್ನಿಸುವ ಒಂದು ಹೊಣೆಯನ್ನು ಕೇಳಿ ಪಡೆಯಿರಿ. ಲೈನ್ ಮನೆಗಳ ಮಕ್ಕಳಿಗೆ ಸಂಜೆ ಪಾಠವಾಗಬಹುದು, ಪುಟ್ಟ ಗ್ರಂಥಾಲಯವಾಗಬಹುದು. ಅದರ ಲೆಕ್ಕವನ್ನು ನೀವೇ ಬರೆದು ಸಭೆಯಲ್ಲಿ ನೀವೇ ಓದಿ. ತಪ್ಪಾದರೆ ಒಪ್ಪಿಕೊಳ್ಳಿ, ಗೊತ್ತಿಲ್ಲದ್ದನ್ನು ಹಿರಿಯರಲ್ಲಿ ಕೇಳಿ ತಿಳಿಯಿರಿ. ಜೊತೆಗೆ ನಿಮಗಿಂತ ಚಿಕ್ಕವರೊಬ್ಬರನ್ನು ಕೆಲಸಕ್ಕೆ ಸೇರಿಸಿಕೊಳ್ಳಿ.

ನಾಳೆ ನೀವೂ ಹಿರಿಯರಾಗುತ್ತೀರಿ. ಆಗ ಮರಗಸಿಯನ್ನು ಮರೆಯಬೇಡಿ.