ದಾಕ್ಷಿಣ್ಯ ಬೇರೆ, ದಯೆ ಬೇರೆ
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ವಿವೇಕ, ಅವಿವೇಕ, ಸದ್ಗುಣ ಅಂದರೆ ದೊಡ್ಡ ದೊಡ್ಡವರ ಭಾಷಣದ ವಿಷಯ ಎಂದು ನಾವು ತಿಳಿದುಕೊಂಡಿದ್ದೇವೆ. ಆದರೆ ಈ ಮೂರೂ ದಿನಾ ನಮ್ಮ ಮನೆಯ ಬಾಗಿಲಿಗೇ ಬರುತ್ತವೆ. ಇವತ್ತು ಒಂದೇ ಒಂದು ಸಂದರ್ಭವನ್ನು ತೆಗೆದುಕೊಂಡು ಯೋಚಿಸೋಣ.

ಪಕ್ಕದ ಮನೆಯವರು ಬಂದು ಕೇಳುತ್ತಾರೆ: "ಅಕ್ಕಾ, ನನಗೆ ಈಗಾಗಲೇ ಎರಡು ಸಾಲ ಉಂಟು, ಇನ್ನು ಕೊಡುವುದಿಲ್ಲ ಅಂತಾರೆ. ನಿಮ್ಮ ಹೆಸರಲ್ಲಿ ಒಂದು ತೆಗೆದುಕೊಡಿ. ಕಂತು ನಾನೇ ಕಟ್ತೇನೆ." ಅವರ ಕಷ್ಟ ಸುಳ್ಳಲ್ಲ. ನಮಗೂ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಆಧಾರ್ ಕಾರ್ಡ್ ಕೊಡುತ್ತೇವೆ, ಸಹಿ ಹಾಕುತ್ತೇವೆ. ಮನೆಯವರಿಗೆ ಹೇಳುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಸಾಲ 40,000 ರೂಪಾಯಿ, ಕಂತು ತಿಂಗಳಿಗೆ 2,000, ಒಟ್ಟು 24 ತಿಂಗಳು. ಅವರು ನಾಲ್ಕು ತಿಂಗಳು ಸರಿಯಾಗಿ ಕಟ್ಟಿದರು, ಐದನೆಯ ತಿಂಗಳು ಆಗಲಿಲ್ಲ. ಉಳಿದದ್ದು 20 ಕಂತು, ಅಂದರೆ ಮತ್ತೆ 40,000 ರೂಪಾಯಿ! ಅದನ್ನು ಯಾರ ಹತ್ತಿರ ಕೇಳುತ್ತಾರೆ? ಕಾಗದದಲ್ಲಿ ಯಾರ ಹೆಸರು ಉಂಟೋ ಅವರ ಹತ್ತಿರ. ಬೀಡಿ ಕಟ್ಟಿ, ಹಾಲು ಮಾರಿ ಕೂಡಿಟ್ಟದ್ದು ಅಲ್ಲಿಗೆ ಹೋಗುತ್ತದೆ. ಬಾಕಿ ಆದದ್ದು ನಮ್ಮ ಸಿಬಿಲ್ ದಾಖಲೆಯಲ್ಲಿ ಕೂರುತ್ತದೆ. ನಾಳೆ ಮಗಳ ಓದಿಗೆ ನಾವು ಬ್ಯಾಂಕಿಗೆ ಹೋದರೆ ಮೊದಲು ನೋಡುವುದು ಅದನ್ನೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಹಿರಿಯರು ಹೇಳಿದ್ದು ಇದಕ್ಕೇ.

"ಸಿಸ್ಟರ್, ಕಷ್ಟಕ್ಕೆ ಆಗುವುದು ಒಳ್ಳೆಯ ಗುಣ ಅಲ್ವಾ?" ಎಂದು ನೀವು ಕೇಳಬಹುದು. ಖಂಡಿತ ಹೌದು. ಆದರೆ ದಾಕ್ಷಿಣ್ಯವೇ ಬೇರೆ, ದಯೆಯೇ ಬೇರೆ. ಅವರು ನಮ್ಮನ್ನು ಏನೆಂದುಕೊಂಡಾರೋ ಎಂಬ ಹೆದರಿಕೆಯಿಂದ ಮಾಡುವುದು ದಾಕ್ಷಿಣ್ಯ. ಇದರಿಂದ ಅವರಿಗೆ ನಿಜವಾಗಿ ಒಳ್ಳೆಯದಾಗುತ್ತದಾ ಎಂದು ಕೇಳಿಕೊಂಡು ಮಾಡುವುದು ದಯೆ.

ಅವರಿಗೆ ಮೂರನೆಯ ಸಾಲ ಯಾಕೆ ಸಿಗಲಿಲ್ಲ ಎಂಬುದನ್ನು ಯೋಚಿಸಿ. 2022ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕಿನ ಒಂದು ನಿಯಮ ಉಂಟು. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವ ಮನೆಯವರಿಗೆ ಮೈಕ್ರೋಫೈನಾನ್ಸ್ ಸಾಲ ಕೊಡುವಾಗ, ಆ ಮನೆಯ ಎಲ್ಲಾ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗಬಾರದು. ಉಳಿದ ಅರ್ಧ ಊಟಕ್ಕೆ, ಮಕ್ಕಳಿಗೆ, ಮದ್ದಿಗೆ ಬೇಕಲ್ಲ! ಇದು ಬಡವರನ್ನು ಕಾಯುವ ಬೇಲಿ. ನಮ್ಮ ಹೆಸರು ಕೊಟ್ಟಾಗ ನಾವೇ ಆ ಬೇಲಿಯನ್ನು ತೆಗೆದು ಅವರನ್ನು ಇನ್ನಷ್ಟು ಆಳಕ್ಕೆ ಇಳಿಸುತ್ತೇವೆ. ಒಂದು ಮನೆ ಮುಳುಗುವಲ್ಲಿ ಎರಡು ಮನೆ ಮುಳುಗುತ್ತದೆ.

ಬಲವಂತದ ವಸೂಲಿಯನ್ನು ತಡೆಯಲು 2025ರಲ್ಲಿ ಕರ್ನಾಟಕದಲ್ಲಿ ಕಾನೂನು ಬಂದಿದೆ. ಮನೆಗೆ ಬಂದು ಹೆದರಿಸಿದರೆ, ಅವಮಾನ ಮಾಡಿದರೆ ನಾವು ಪೊಲೀಸರಿಗೆ ದೂರು ಕೊಡಬಹುದು. ಆದರೆ ಬ್ಯಾಂಕಿನಿಂದ ಅಥವಾ ನೋಂದಾಯಿತ ಸಂಸ್ಥೆಯಿಂದ ನಾವೇ ಸಹಿ ಹಾಕಿ ಪಡೆದ ಸಾಲದ ಕಂತನ್ನು ಕಾನೂನು ಕಟ್ಟಿಕೊಡುವುದಿಲ್ಲ.

ಹಾಗಾದರೆ ಏನು ಮಾಡುವುದು? "ಹೆಸರು ಕೊಡಲಿಕ್ಕೆ ಆಗುವುದಿಲ್ಲ, ಆದರೆ ನಿಮ್ಮ ಜೊತೆ ಇರುತ್ತೇನೆ" ಎಂದು ಹೇಳುವ ಧೈರ್ಯ ಬೇಕು. ಅಷ್ಟು ಹೇಳಿ ಬಾಗಿಲು ಹಾಕಿಕೊಳ್ಳುವುದಲ್ಲ. ಕೈಯಲ್ಲಿದ್ದರೆ, ತಿರುಗಿ ಬಾರದಿದ್ದರೂ ಪರವಾಗಿಲ್ಲ ಎನ್ನುವಷ್ಟು ಕೊಡಿ. ಅವರು ಸಂಘದ ಸದಸ್ಯೆಯಾದರೆ ವಿಷಯವನ್ನು ಸಭೆಗೆ ತನ್ನಿ. ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಪ್ರಾರಂಭಿಸಿತು. ಅಂದಿನಿಂದ ಸಂಘಗಳು ಬೆಳೆದದ್ದು ಪಂಚಸೂತ್ರದ ಶಿಸ್ತಿನಿಂದ: ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲದಲ್ಲಿ ಮರುಪಾವತಿ, ಸರಿಯಾದ ಪುಸ್ತಕ. ಸಂಘದ ಸಾಲ ಎಲ್ಲರ ಎದುರು ಚರ್ಚೆಯಾಗಿ ನಿರ್ಣಯ ಪುಸ್ತಕಕ್ಕೆ ಹೋಗುತ್ತದೆ. ಯಾರಿಗೆ ಎಷ್ಟು ಹೊರೆ ಉಂಟು ಎಂದು ಎಲ್ಲರಿಗೂ ಗೊತ್ತಿರುತ್ತದೆ. ಗುಟ್ಟಿನಲ್ಲಿ ಕೊಟ್ಟ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಈಗಾಗಲೇ ಹೆಸರು ಕೊಟ್ಟವರು ನಮ್ಮಲ್ಲಿ ಇರಬಹುದು. ನಾಚಿಕೊಂಡು, ರಾತ್ರಿ ನಿದ್ದೆ ಬಿಟ್ಟು ಒಬ್ಬರೇ ಕೊರಗಬೇಡಿ. ಸಾಲದ ಕಾರ್ಡ್ ನಿಮ್ಮ ಕೈಗೆ ತೆಗೆದುಕೊಳ್ಳಿ, ಬಾಕಿ ಎಷ್ಟೆಂದು ನೋಡಿ, ಮನೆಯವರಿಗೂ ಸಂಘಕ್ಕೂ ತಿಳಿಸಿ. ಹಣ ಪಡೆದವರನ್ನು ಕೂರಿಸಿ, ಯಾವ ತಿಂಗಳು ಎಷ್ಟು ಕೊಡುತ್ತಾರೆ ಎಂದು ಬರೆಯಿಸಿಕೊಳ್ಳಿ. ಅಂಥವರು ಬಾಯಿ ಬಿಟ್ಟಾಗ ಉಳಿದವರು ನಗಬೇಡಿ, ಬೈಯಬೇಡಿ. ಅದೂ ಒಂದು ಸದ್ಗುಣವೇ.

ಮುಂದಿನ ಸಭೆಯಲ್ಲಿ ಒಂದು ಕೆಲಸ ಮಾಡಿ: ನಮ್ಮ ಹೆಸರಿನಲ್ಲಿ ಎಷ್ಟು ಸಾಲ ಉಂಟು, ತಿಂಗಳಿಗೆ ಕಂತು ಎಷ್ಟು, ಅದನ್ನು ಕಟ್ಟುವವರು ಯಾರು? ಈ ಮೂರಕ್ಕೆ ಪ್ರತಿಯೊಬ್ಬರೂ ಉತ್ತರ ಬರೆದು ತನ್ನಿ. ಬರೆಯಲು ಬಾರದವರಿಗೆ ಬರೆಯಲು ಬರುವವರು ಸಹಾಯ ಮಾಡಿ.